ಕಾಣದೆ ಹೋದ ಕಲ್ಲು

ಒಲೆಯ ಮೇಲೆ ಬೇಳೆ ಕುದಿಯುತ್ತಿರುವಾಗ ಮುಚ್ಚಳ ತೆಗೆದು ನೋಡುವ ಚಟ ನನಗೆ ಚಿಕ್ಕಂದಿನಿಂದ ಅಂಟಿಕೊಂಡದ್ದು. ಅವ್ವನಿಗೆ ಆ ಅಗತ್ಯವೇ ಇರಲಿಲ್ಲ. ಕುದಿಯ ಸದ್ದು ದಪ್ಪಗಾಯಿತೆಂದರೆ, ಹಬೆಯ ವಾಸನೆ ತುಸು ತಿರುಗಿತೆಂದರೆ, ಬೆನ್ನು ಮಾಡಿ ಕೂತು ರೊಟ್ಟಿ ಬಡಿಯುತ್ತಲೇ ಬೇಳೆ ಬೆಂದಿತು ಎನ್ನುತ್ತಿದ್ದಳು. ನನಗೋ ಕಣ್ಣಿಂದ ಕಾಣದ ಹೊರತು ಯಾವುದೂ ಖರೆ ಅನಿಸುತ್ತಿರಲಿಲ್ಲ. ಮುಚ್ಚಳ ತೆಗೆದಷ್ಟೂ ಬೇಳೆ ತಡವಾಗಿ ಬೇಯುತ್ತದೆ ಎಂದು ಆಕೆ ಎಷ್ಟು ಸಲ ಹೇಳಿದಳೋ ಲೆಕ್ಕವಿಲ್ಲ. ಈ ಚಟ ಇರುವವರು ಲೋಕದಲ್ಲಿ ನಾನೊಬ್ಬನೇ ಅಲ್ಲವೆಂದು ಗೊತ್ತು. ಓದುವ ಗೆಳೆಯಾ, ನೀನೂ ಬಿತ್ತಿದ ಮರುದಿನ ಮಣ್ಣು ಕೆದಕಿ ಬೀಜ ನೋಡಿದವನೇ ಇರಬಹುದು. ನೋಡುವ ಆಸೆಯಲ್ಲಿ ಕೆಟ್ಟದ್ದೇನೂ ಇಲ್ಲ. ಆದರೆ ಯಾವುದನ್ನು ನೋಡಬೇಕು, ಯಾವಾಗ ನೋಡಬೇಕು, ಯಾರ ಸಲುವಾಗಿ ನೋಡಬೇಕು ಎಂಬ ಪ್ರಶ್ನೆಗಳು ಆ ಆಸೆಯ ಜೊತೆಯಲ್ಲೇ ಹುಟ್ಟುವುದಿಲ್ಲ. ಅವು ತಡವಾಗಿ ಬರುತ್ತವೆ, ನನ್ನ ಪಾಲಿಗೆ ಬದಾಮಿಯಲ್ಲಿ ಬಂದವು.

ಆಗ ನಾನು ಬಾಗಲಕೋಟೆಯ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದೆ. ರೈಲು ನಮಗೆ ಹಳತಾಗಿತ್ತು, ಮೋಟಾರು ಇನ್ನೂ ನಮ್ಮ ಕಡೆಯ ಧೂಳು ಕುಡಿದಿರಲಿಲ್ಲ. ನನಗೆ ಇಪ್ಪತ್ತಾರರ ವಯಸ್ಸು. ಔಷಧ ಅರೆಯುವುದು, ಗಾಯ ತೊಳೆಯುವುದು, ಬಾಟಲಿಗಳಿಗೆ ಚೀಟಿ ಅಂಟಿಸುವುದು ಇಷ್ಟೇ ನನ್ನ ಕೆಲಸ. ಆದರೆ ಮನಸ್ಸು ಮಾತ್ರ ಮನುಷ್ಯರ ಚರ್ಮದ ಆಚೆಗೇ ಸುಳಿಯುತ್ತಿತ್ತು. ಮೈಯೊಳಗೆ ತೂರಿ ಹೋಗಿ ಎಲುಬಿನ ನೆರಳನ್ನು ಗಾಜಿನ ಮೇಲೆ ಬೀಳಿಸುವ ಹೊಸ ಬೆಳಕೊಂದನ್ನು ವಿಲಾಯತಿಯವರು ಕಂಡುಹಿಡಿದಿದ್ದಾರೆಂದು ಪತ್ರಿಕೆಯಲ್ಲಿ ಓದಿದ ದಿನ ನನಗೆ ಊಟ ಸೇರಿರಲಿಲ್ಲ. ಆಮೇಲೆ, ಅಂಥದೇ ಒಂದು ಯಂತ್ರ ಬದಾಮಿಯಲ್ಲಿದೆಯೆಂದು ಕೇಳಿದಾಗ ನಂಬಲು ನನಗೆ ತಿಂಗಳೇ ಬೇಕಾಯಿತು. ದಂಡಿನ ಆಸ್ಪತ್ರೆಯಲ್ಲಿ ಗುಂಡು ತಾಗಿದ ಸಿಪಾಯಿಗಳ ಮೈಯಲ್ಲಿ ಸೀಸ ಹುಡುಕುತ್ತಿದ್ದ ವೆಂಕೋಬರಾಯರೆಂಬ ಡಾಕ್ಟರು ನೌಕರಿ ಬಿಟ್ಟು ಬಂದು ತಮ್ಮ ಹಿರಿಯರ ಮನೆಯಲ್ಲಿ, ಕೆರೆಯ ಮಗ್ಗುಲಲ್ಲಿ ಇದ್ದಾರಂತೆ. ಬರುವಾಗ ಆ ಯಂತ್ರವನ್ನೂ ಪೆಟ್ಟಿಗೆಗಳಲ್ಲಿ ತುಂಬಿ ತಂದಿದ್ದಾರಂತೆ. ಒಮ್ಮೆ ಅದನ್ನು ನೋಡಬೇಕೆಂಬುದು ನನ್ನ ದೊಡ್ಡ ಆಸೆಯಾಗಿತ್ತು. ಆ ಆಸೆ ನನ್ನ ಅಕ್ಕನ ನೋವಿನ ಬೆನ್ನು ಹತ್ತಿ ಈಡೇರುತ್ತದೆಂದು ನಾನು ಎಣಿಸಿರಲಿಲ್ಲ.

ಅಕ್ಕ ಗೌರವ್ವನನ್ನು ಇಳಕಲ್ಲಿನ ನೇಕಾರರ ಮನೆಗೆ ಕೊಟ್ಟಿತ್ತು. ಆಕೆಯ ಗಂಡ ಮಹಾಂತಪ್ಪ ಮಾಮಾ ಮಗ್ಗದ ಮುಂದೆ ಎಷ್ಟು ಮಾತಾಡುತ್ತಿದ್ದನೋ ಮನುಷ್ಯರ ಮುಂದೆ ಅಷ್ಟು ಮೌನಿ. ಮದುವೆಯಾಗಿ ಹದಿನಾಲ್ಕು ವರ್ಷ. ನಡುವೆ ಎರಡು ಸಲ ಬಸಿರು ನಿಂತು, ಎರಡೂ ಸಲ ಉಳಿಯಲಿಲ್ಲ. ಮೂರನೆಯದು ಆರು ತಿಂಗಳು ತುಂಬಿತ್ತು. ಸೆರಗಿನ ಎಳೆ ಸೀರೆಯ ಎಳೆಗೆ ಕೂಡಿಸುವ ಕೆಲಸದಲ್ಲಿ ಅಕ್ಕನ ಬೆರಳಿಗೆ ಇಡೀ ಓಣಿಯಲ್ಲಿ ಹೆಸರಿತ್ತು. ಆ ವರ್ಷ ಮಾತ್ರ ಮಾಮಾ ಆಕೆಯನ್ನು ಮಗ್ಗದ ಹತ್ತಿರ ಬರಗೊಟ್ಟಿರಲಿಲ್ಲ.

ಬೇಸಿಗೆಯ ಒಂದು ಮುಂಜಾನೆ ನಮ್ಮ ಮನೆಯ ಮುಂದೆ ಬಂಡಿ ನಿಂತಿತು. ಇಳಕಲ್ಲಿನಿಂದ ಹುನಗುಂದದ ಮೇಲೆ ಹಾದು, ಅರ್ಧಕ್ಕರ್ಧ ದಾರಿ ನಡೆದೇ ಬಂದಿದ್ದಳು ಅಕ್ಕ. ಬಂಡಿಯಲ್ಲಿ ಕೂತರೆ ನೋವು, ಮಲಗಿದರೆ ಇನ್ನೂ ನೋವು. ಬಲಗಡೆಯ ಬೆನ್ನಿನಿಂದ ಹೊರಟು ತೊಡೆಯ ಸಂದಿಗೆ ಇಳಿಯುವ ನೋವು ಅದು. ಬಂದಾಗ ವಾಂತಿ, ಹೋದಾಗ ಬೆವರು. ನನ್ನನ್ನು ಕಂಡೊಡನೆ ಬಾಗಿಲ ಚೌಕಟ್ಟು ಹಿಡಿದುಕೊಂಡು ಅಂದಳು:

"ತಮ್ಮಾ, ಬೆನ್ನಾಗ ಯಾರೋ ಹಸಿ ಬಟ್ಟಿ ಹಿಂಡಿದಂಗ ಹಿಂಡಾಕತ್ಯಾರ. ಒಂದೊಂದ ಸಲ ಪೂರಾ ಬಿಟ್ಟಬಿಡತೈತಿ. ಬಿಟ್ಟಾಗ ನನಗ ಇನ್ನೂ ಅಂಜಿಕಿ."

ನಮ್ಮ ದವಾಖಾನೆಯ ಡಾಕ್ಟರು ಬಂದು ನೋಡಿದರು. ಒಳ್ಳೆಯವರು, ತಿಳಿಯದ್ದನ್ನು ತಿಳಿಯಿತೆಂದು ಹೇಳುವವರಲ್ಲ. ನನ್ನನ್ನೂ ಮಾಮಾನನ್ನೂ ಅಂಗಳಕ್ಕೆ ಕರೆದು ಹೇಳಿದರು: "ಮೂತ್ರಪಿಂಡದ ಕಲ್ಲು ಇರಬಹುದು. ಕರುಳು ಬಾತಿರಲೂಬಹುದು. ಕರುಳಾದ್ರ ತಡಾ ಮಾಡೂ ಹಂಗಿಲ್ಲ, ದೊಡ್ಡ ಊರಿಗೆ ಒಯ್ದು ಕೊಯ್ಸಬೇಕು. ಇಲ್ಲಾ, ದಿನಾ ತುಂಬೂದಕಿಂತ ಮೊದಲ ಹೆರಿಗಿ ನೋವು ಸುರು ಆಗಿದ್ದರೂ ಆಗಿರಬಹುದು. ಮೂರರಾಗ ಯಾವುದು ಅಂತ ಹೇಳೂ ಧೈರ್ಯ ನನಗಿಲ್ಲ."

ಮೂರು ಸಂಶಯ, ಮೂರು ದಾರಿ. ಒಂದಕ್ಕೆ ಕಾಯಬೇಕು, ಒಂದಕ್ಕೆ ಕೊಯ್ಯಬೇಕು, ಒಂದಕ್ಕೆ ಸೂಲಗಿತ್ತಿಯನ್ನು ಕರೆಯಬೇಕು. ತಪ್ಪು ದಾರಿ ಹಿಡಿದರೆ ಎರಡು ಜೀವ. ಮಾಮಾ ನನ್ನ ಮುಖವನ್ನೇ ನೋಡಿದ. ದವಾಖಾನೆಯಲ್ಲಿ ಇರುವವನಾದ್ದರಿಂದ ನನಗೆ ಎಲ್ಲ ಗೊತ್ತಿರುತ್ತದೆಂಬ ನಂಬಿಕೆ ಆತನದು. ನಾನು ಅರೆಕ್ಷಣವೂ ತಡೆಯದೆ ಬದಾಮಿ ಎಂದೆ. ಆ ಬೆಳಕು ಹಾಕಿದರೆ ಕಲ್ಲು ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ, ಸಂಶಯಕ್ಕೆ ಎಡೆಯೇ ಇರುವುದಿಲ್ಲ ಎಂದೆ. ನಾನು ಹಾಗೆ ಹೇಳಿದ್ದು ಅಕ್ಕನ ಸಲುವಾಗಿಯೇ. ಆದರೆ ಅಕ್ಕನ ಸಲುವಾಗಿ ಮಾತ್ರವೇ ಎಂದು ನನ್ನನ್ನು ನಾನು ಎಷ್ಟೋ ವರ್ಷ ಕೇಳಿಕೊಂಡಿದ್ದೇನೆ, ಹೌದೆಂದು ಉತ್ತರ ಬಂದಿಲ್ಲ.

ಡಾಕ್ಟರು ಒಂದು ಚೀಟಿ ಬರೆದುಕೊಟ್ಟರು. ಕೆರೂರಿನ ಮೇಲಿನ ಬಂಡಿದಾರಿಯ ಕುಲುಕಾಟ ಬೇಡವೆಂದು ರೈಲು ಹಿಡಿದೆವು. ಡಬ್ಬಿಯಲ್ಲಿ ಅಕ್ಕ ಕೂಡಲಿಲ್ಲ. ಕಿಟಕಿಯ ಸರಳು ಹಿಡಿದು ನಿಂತೇ ಇದ್ದಳು, ಮಾಮಾ ಆಕೆಯ ಬೆನ್ನಿಗೆ ತನ್ನ ಅಂಗೈ ಒತ್ತಿ ಹಿಡಿದಿದ್ದ. ಸ್ಟೇಷನ್ನಿನಿಂದ ಟಾಂಗಾ ಮಾಡಿಕೊಂಡು ಊರು ಮುಟ್ಟುವ ಹೊತ್ತಿಗೆ ಬಿಸಿಲು ಏರಿತ್ತು, ಕೆಂಪು ಬಂಡೆಗಳು ಕಾದು ಕೆರೆಯ ನೀರಿನ ಮೇಲೆ ಝಳ ಆಡುತ್ತಿತ್ತು.

ವೆಂಕೋಬರಾಯರು ತೆಳ್ಳಗೆ ಎತ್ತರದ ಮನುಷ್ಯ. ಮೀಸೆ ಪೂರ್ತಿ ನೆರೆತಿತ್ತು, ಹುಬ್ಬು ಮಾತ್ರ ಕಪ್ಪು. ಅಂಥ ಸೆಕೆಯಲ್ಲೂ ಎಡಗೈಗೆ ಬಿಳಿಯ ಬಟ್ಟೆಯ ಕೈಗವಸು ಹಾಕಿಕೊಂಡಿದ್ದರು. ಚೀಟಿ ಓದಿ ಪಕ್ಕಕ್ಕಿಟ್ಟು, ಅಕ್ಕನಿಗೆ ಮಲಗು ಎಂದೂ ಹೇಳಲಿಲ್ಲ, ಕೂಡು ಎಂದೂ ಹೇಳಲಿಲ್ಲ. ಸುಮ್ಮನೆ ನೋಡುತ್ತ ಕೂತರು. ಆಕೆ ಪಡಸಾಲೆಯ ಈ ಕಂಬದಿಂದ ಆ ಕಂಬಕ್ಕೆ ಹೋದಳು, ಬಗ್ಗಿದಳು, ಎದ್ದಳು, ಮತ್ತೆ ನಡೆದಳು. ನಾನು ಒಳಗೊಳಗೇ ಕುದಿದೆ. ನೋವಿನಲ್ಲಿರುವವಳನ್ನು ನಾಟಕ ನೋಡಿದಂತೆ ನೋಡುತ್ತಿದ್ದಾರಲ್ಲ ಎಂದು.

"ಕರುಳು ಬಾತವರು ಹಿಂಗ ತಿರಗೂದಿಲ್ಲ," ಎಂದರು ಕೊನೆಗೆ, ತಮಗೆ ತಾವೇ ಹೇಳಿಕೊಳ್ಳುವಂತೆ. "ಅವರು ಬಿದ್ದಲ್ಲೇ ಬಿದ್ದಿರ್ತಾರ. ಮೈ ಅಲಗಿದ್ರ ಅವರಿಗೆ ಜೀವಾ ಹೋಗ್ತದ. ಇಕಿಗೆ ಒಂದ ಕಡೆ ನಿಂತ್ರ ಜೀವಾ ಹೋಗ್ತದ."

ಆಮೇಲೆ ಆಕೆಯ ಬೆನ್ನಿನ ಎರಡೂ ಬದಿಯಲ್ಲಿ ಬಲಗೈಯ ಮುಷ್ಟಿಯಿಂದ ಮೆಲ್ಲಗೆ ತಟ್ಟಿದರು. ಎಡಕ್ಕೆ ಏನೂ ಆಗಲಿಲ್ಲ. ಬಲಕ್ಕೆ ತಟ್ಟಿದಾಗ ಅಕ್ಕ ತುಟಿ ಕಚ್ಚಿದಳು. ಜ್ವರ ಅಳೆದರು, ಇರಲಿಲ್ಲ. ಆಳು ಕಳಿಸಿ ಹಿಂದಿನ ಓಣಿಯ ಸೂಲಗಿತ್ತಿ ಹುಸೇನಬಿಯನ್ನು ಕರೆಸಿದರು. ಅರವತ್ತು ದಾಟಿದ ಹೆಣ್ಣುಮಗಳು, ಕೈ ತೊಳೆದುಕೊಂಡು ಬಂದು ಅಕ್ಕನ ಹೊಟ್ಟೆಯ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದವಳು ಎಷ್ಟು ಹೊತ್ತಾದರೂ ತೆರೆಯಲೊಲ್ಲಳು. ಎರಡು ಸಲ ನೋವು ಬಂದು ಹೋದ ಮೇಲೆ ಹೇಳಿದಳು:

"ಹೊಟ್ಟಿ ಗಟ್ಟಿ ಆಗಿ ಮೆತ್ತಗಾಗೂದು ನಡದಿಲ್ರಿ ಸಾಹೇಬ್ರ. ನೋವು ಹಿಂದಿಂದ ಐತಿ, ಕೂಸಿನ ಚೀಲದಾಗಿಂದಲ್ಲ. ಕೂಸು ತನ್ನ ಪಾಡಿಗೆ ತಾನು ಆಡಾಕತ್ತೈತಿ."

ಮೂರು ಸಂಶಯಗಳಲ್ಲಿ ಎರಡು ಹೀಗೆ, ಒಂದು ಕಣ್ಣಿಗೆ, ಒಂದು ಅಂಗೈಗೆ, ಸಡಿಲಾದವು. ಪೂರ್ತಿ ಬಿಟ್ಟುಹೋದವೆಂದು ಯಾರೂ ಹೇಳಲಿಲ್ಲ. ಕೊನೆಗೆ ಅಕ್ಕನ ಮೂತ್ರವನ್ನು ಗಾಜಿನ ನಳಿಕೆಯಲ್ಲಿ ನಿಲ್ಲಲು ಬಿಟ್ಟು, ತಳಕ್ಕೆ ಇಳಿದದ್ದರಲ್ಲಿ ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರು. ನನ್ನ ಮುಖದ ಹಸಿವು ಅವರಿಗೆ ಕಂಡಿರಬೇಕು, ನೋಡು ಬಾ ಎಂದು ಕರೆದರು. ನವಣೆ ಚೆಲ್ಲಿದಂತೆ ದುಂಡು ದುಂಡಗಿನ ಕಣಗಳು.

"ರಕ್ತ," ಎಂದರು. "ಬರೇ ಕಣ್ಣಿಗೆ ಕಾಣದಷ್ಟು. ಒಳಗ ಏನೋ ಗೀರಿಕೋತ ಇಳೀಲಿಕ್ಕೆ ಹತ್ತೇದ. ಕಲ್ಲ ಇರಬೇಕು."

"ಹಂಗಾರ ಬೆಳಕು ಹಾಕಿ ಒಮ್ಮಿ ನೋಡೇ ಬಿಡೂಣಲ್ರಿ," ಎಂದೆ. ನನ್ನ ದನಿಯಲ್ಲಿ ಎಂಥ ಆತುರವಿತ್ತೋ, ಅವರು ಸೂಕ್ಷ್ಮದರ್ಶಕದಿಂದ ತಲೆ ಎತ್ತಿ ನನ್ನನ್ನು ನೋಡಿದರು.

"ನೋಡಿ ಏನ್ ಮಾಡ್ತೀಯಪಾ?"

"ಕಲ್ಲು ಐತೋ ಇಲ್ಲೋ ತಿಳೀತೈತಲ್ರಿ."

"ತಿಳದ ಮ್ಯಾಲೆ?"

ಅವರು ಸಿಟ್ಟಿಲ್ಲದೆ, ಪಾಠ ಹೇಳುವವರಂತೆ ಬೆರಳು ಮಡಚದೆ ಹೇಳಿದರು: "ಕಲ್ಲ ಕಂಡಿತು ಅಂತ ಇಟ್ಕೋ. ಆರು ತಿಂಗಳ ಬಸರೀನ್ನ ಈಗ ಕೊಯ್ಯೂದಿಲ್ಲ. ಶಾಖಾ ಕೊಡೂದು, ಅಫೀಮಿನ ಅರ್ಕ ಕೊಡೂದು, ನೀರು ಕುಡಸೂದು. ಕಾಣಲಿಲ್ಲ ಅಂತ ಇಟ್ಕೋ. ಎಲ್ಲಾ ಕಲ್ಲೂ ಗಾಜಿನ ಮ್ಯಾಲೆ ಬೀಳೂದಿಲ್ಲ. ಕೆಲವಕ್ಕ ನೆರಳೇ ಇರೂದಿಲ್ಲ. ಆವಾಗೂ ಅದ ಶಾಖಾ, ಅದ ಅರ್ಕ, ಅದ ನೀರು. ನನ್ನ ಯಂತ್ರ ಸಣ್ಣದು. ಇಂಥಾ ಮೈ ತೂರಿ ನೆರಳು ಬೀಳಬೇಕಾದ್ರ ಭಾಳ ಹೊತ್ತು ಹಾಕಬೇಕು."

ನಾನು ಸೋಲಲಿಲ್ಲ. ದೊಡ್ಡ ಊರುಗಳಲ್ಲಿ ಈಗ ಎಲ್ಲರೂ ಹಾಕುತ್ತಾರಲ್ಲ, ಪತ್ರಿಕೆಯಲ್ಲಿ ಬರೆಯುತ್ತಾರಲ್ಲ ಎಂದು ವಾದ ಹೂಡಿದೆ. ನಾವಿಬ್ಬರೂ ಹೀಗೆ ಗಂಡಸರ ಮಾತಿನಲ್ಲಿ ಮುಳುಗಿರುವಾಗ, ಚಾಪೆಯ ಮೇಲೆ ಹುಸೇನಬಿಗೆ ಒರಗಿ ಕೂತಿದ್ದ ಅಕ್ಕ ಕೇಳಿದಳು:

"ಸಾಹೇಬ್ರ, ಆ ಬೆಳಕು ಕೂಸಿನ ಮ್ಯಾಲೂ ಬೀಳತೈತೇನ್ರಿ?"

ದವಾಖಾನೆಯಲ್ಲಿ ಆರು ವರ್ಷ ಕಳೆದವನು ನಾನು, ಬೆಳಕಿನ ವಿಚಾರ ಸಿಕ್ಕಿದ್ದನ್ನೆಲ್ಲ ಓದಿದವನು ನಾನು. ಆ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಎಲುಬು, ಗುಂಡು, ಕಲ್ಲು ಇಷ್ಟನ್ನೇ ಬೆಳಕು ಆರಿಸಿಕೊಂಡು ನೋಡುತ್ತದೆಂದು ನನ್ನ ಮನಸ್ಸು ಹೇಗೋ ನಂಬಿಕೊಂಡಿತ್ತು. ದಾರಿಯಲ್ಲಿ ಸಿಕ್ಕದ್ದನ್ನೆಲ್ಲ ಅದು ಹಾಯ್ದೇ ಹೋಗಬೇಕಲ್ಲವೇ.

"ಬೀಳ್ತದವ್ವಾ," ಎಂದರು ವೆಂಕೋಬರಾಯರು.

"ಬಿದ್ರ ಏನಾಕ್ಕೈತ್ರಿ?"

ಅವರು ಎಡಗೈಯ ಕೈಗವಸನ್ನು ಮಣಿಕಟ್ಟಿನಿಂದ ಮೆಲ್ಲಗೆ ಕಳಚಿದರು. ಕಿರುಬೆರಳಿನ ಮೇಲಿನ ಎರಡು ಗೆಣ್ಣು ಇರಲಿಲ್ಲ. ಉಳಿದ ಬೆರಳುಗಳ ಚರ್ಮ ಒಣಗಿದ ಕೆರೆಯ ತಳದ ಹಾಗೆ ಬಿರಿದು, ಉಗುರು ಇರಬೇಕಾದಲ್ಲಿ ಕಪ್ಪು ಗಂಟುಗಳಿದ್ದವು. ನಡುಬೆರಳ ಪಕ್ಕದಲ್ಲಿ ಮಾಯದ ಹಸಿ ಹುಣ್ಣು. ಮಾಮಾ ಮುಖ ತಿರುಗಿಸಿದ. ಅಕ್ಕ ತಿರುಗಿಸಲಿಲ್ಲ.

"ಯಂತ್ರ ಸರಿ ನಡದದೋ ಇಲ್ಲೋ ಅಂತ ನೋಡಲಿಕ್ಕೆ ದಿನಾ ನನ್ನ ಕೈಯನ್ನ ಅದರ ಮುಂದ ಹಿಡೀತಿದ್ದೆ," ಎಂದರು. "ನೋವು ಇರತಿರಲಿಲ್ಲ. ಬಿಸಿನೂ ಇರತಿರಲಿಲ್ಲ. ನನ್ನ ಎಲುಬು ನಾನ ನೋಡಿ ಖುಷಿ ಪಡತಿದ್ದೆ. ಇದು ಆಮ್ಯಾಲೆ ಬಂತು. ಕೂಸಿಗೆ ಏನಾಗ್ತದ ಅಂತ ಕೇಳಿದ್ರ, ನನಗ ಗೊತ್ತಿಲ್ಲವ್ವಾ. ಏನೂ ಆಗದೇ ಇರಬಹುದು. ಗೊತ್ತಿಲ್ಲದ್ದನ್ನ ನಾ ನಿನಗ ಏನೂ ಆಗೂದಿಲ್ಲ ಅಂತ ಹೇಳೂದಿಲ್ಲ."

ಅಕ್ಕನಿಗೆ ಮತ್ತೊಮ್ಮೆ ನೋವು ಬಂತು, ಅದು ಹೋಗುವವರೆಗೆ ಹುಸೇನಬಿಯ ತೋಳು ಹಿಂಡಿ ಹಿಡಿದಳು.

"ಮಗ್ಗದ ಮ್ಯಾಲಿನ ಸೀರಿ ಅರ್ಧಕ್ಕ ಬಿಚ್ಚಿ ನೋಡಾಕ ಬರಾಂಗಿಲ್ರಿ," ಎಂದಳು. "ಕಾಯಾಕ ಬರತಿದ್ರ ಕಾಯೂಣ್ರಿ. ಕಾಯಾಕ ಬರದ ಹೊತ್ತು ಬಂದ್ರ ನೀವ ಹೇಳ್ರಿ."

ಆಗ ಮಾಮಾ ಅಂದಿನ ಮೊದಲ ಮಾತು ಆಡಿದ: "ಆ ಹೊತ್ತು ಬಂತಂತ ಹೆಂಗ ತಿಳೀತೈತ್ರಿ?"

ಅದಕ್ಕೆ ವೆಂಕೋಬರಾಯರು ಕೊಟ್ಟ ಉತ್ತರ ನನಗೆ ಇವತ್ತಿಗೂ ಬಾಯಿಪಾಠವಿದೆ. ಜ್ವರ ಏರಿದರೆ, ನಡುಕ ಬಂದರೆ, ಮೂತ್ರ ನಿಂತರೆ, ಕಲ್ಲಿನ ಹಿಂದೆ ಕೀವು ತುಂಬುತ್ತಿದೆ ಎಂದರ್ಥ. ಆಗ ಕಾಯುವುದೇ ಕೊಲ್ಲುವುದು. ಅಂಥ ಹೊತ್ತಿನಲ್ಲಿ ಕೊಯ್ಯುವವನಿಗೆ ಕಲ್ಲು ಎಲ್ಲಿದೆಯೆಂಬುದು ಗೊತ್ತಿರಲೇಬೇಕು. "ಆವಾಗ ನಾನ ಮುಂದ ನಿಂತು ಬೆಳಕು ಹಾಕ್ತೇನಿ," ಎಂದರು. "ಕೂಸಿನ ಕಡೆ ಸೀಸದ ಹಾಳಿ ಮುಚ್ಚಿ, ಆದಷ್ಟು ಕಡಿಮಿ ಹೊತ್ತು. ನನಗ ಯಂತ್ರದ ಮ್ಯಾಲೆ ಸಿಟ್ಟಿಲ್ಲಪಾ. ಅದಕ್ಕ ಕೆಲಸ ಇದ್ದಾಗ ಕೆಲಸ ಹೇಳಬೇಕು, ಅಷ್ಟ."

ಅವರ ಮನೆಯ ಹೊರಗಿನ ಕೋಣೆಯಲ್ಲಿ ನಾವು ಉಳಿದೆವು. ಅರ್ಕ ಹಾಕಿದ ಮೇಲೆ ಅಕ್ಕನಿಗೆ ನಿದ್ದೆ ಹತ್ತಿತು. ಮಾಮಾ ಎಲ್ಲಿಂದಲೋ ಹುರಳಿ ತಂದು, ಕುದಿಸಿ, ಕಟ್ಟು ಬಸಿದು ಕುಡಿಸಿದ. ಡಾಕ್ಟರು ಬೇಡವೆನ್ನಲಿಲ್ಲ, ಹೊಟ್ಟೆಗೆ ನೀರು ಹೋಗುವುದು ಯಾವ ಹೆಸರಿನಲ್ಲಿ ಹೋದರೂ ಒಳ್ಳೆಯದೇ ಎಂದರು. ಮೂತ್ರವನ್ನೆಲ್ಲ ತೆಳುವಾದ ಮಲ್ಲಿನ ಬಟ್ಟೆಯಲ್ಲಿ ಸೋಸಲು ಹೇಳಿದರು. ಆ ಕೆಲಸ ನನ್ನದಾಯಿತು. ಎರಡನೆಯ ದಿನ ನೋವು ಎರಡು ಸಲ ಬಂತು, ಬಟ್ಟೆಯ ಮೇಲೆ ಏನೂ ಬರಲಿಲ್ಲ.

ಓದುವ ಗೆಳೆಯಾ, ಇಲ್ಲಿಂದ ಮುಂದಿನದನ್ನು ಹೇಳಲು ನನಗೆ ಈಗಲೂ ಸಂಕೋಚವಿದೆ. ಆ ಎರಡು ದಿನ ಅಕ್ಕ ಗುಣವಾಗಲಿ ಎಂದು ನಾನು ಬಯಸುತ್ತಿದ್ದೆ. ಅದರ ಕೆಳಗೆ, ಕೆರೆಯ ತಳದ ಕೆಸರಿನಂತೆ ಅಲುಗದೆ ಕೂತಿದ್ದ ಇನ್ನೊಂದು ಬಯಕೆಯೂ ಇತ್ತು. ಯಂತ್ರ ಪಕ್ಕದ ಕೋಣೆಯಲ್ಲೇ ಬಟ್ಟೆ ಹೊದ್ದು ನಿಂತಿತ್ತು. ಬೆಳಕು ಹಾಕುವುದಾದರೆ ಯಂತ್ರವನ್ನು ಅಕ್ಕನ ಹಾಸಿಗೆಯ ಬಳಿಗೇ ತರಬೇಕು, ಆ ಕೋಣೆ ಕತ್ತಲಾಗಿರಬೇಕೆಂದು ಡಾಕ್ಟರು ಮಾತಿನ ನಡುವೆ ಅಂದಿದ್ದರು. ಮೂರನೆಯ ದಿನ ಮಧ್ಯಾಹ್ನ, ಅಕ್ಕ ಮಲಗಿದ್ದಾಗ, ಯಾರೂ ಹೇಳದೆ ನಾನು ಎದ್ದು ಆಕೆಯ ಕೋಣೆಯ ಎರಡೂ ಕಿಟಕಿಗಳನ್ನು ಮುಚ್ಚಿ, ಸಂದಿಗಳಿಗೆ ಹಳೆಯ ಬಟ್ಟೆ ತುರುಕಿದೆ. ಹೊತ್ತು ಬಂದರೆ ತಡವಾಗಬಾರದಲ್ಲ ಎಂದು ನನಗೆ ನಾನು ಹೇಳಿಕೊಂಡೆ. ಬಿಸಿಲಿನಿಂದ ಬಂದ ಮಾಮಾನಿಗೆ ಕತ್ತಲಲ್ಲಿ ಮಲಗಿದ ಹೆಂಡತಿ ನಡುಗುತ್ತಿರುವಂತೆ ಅನಿಸಿತೇನೋ, ಆತ ಒಂದು ಕೌದಿಯನ್ನು ತಂದು ಹೊದಿಸಿದ. ಬದಾಮಿಯ ಬಂಡೆಗಳ ನಡುವಿನ ಬೇಸಿಗೆಯ ಮಧ್ಯಾಹ್ನ ಅದು.

ಮೂರು ಗಂಟೆಗೆ ಡಾಕ್ಟರು ಜ್ವರ ಅಳೆದರು. ಏರಿತ್ತು. ಅವರ ಹುಬ್ಬು ಒಂದಕ್ಕೊಂದು ಹತ್ತಿರ ಬಂದವು. ಅಕ್ಕನ ಕೆನ್ನೆ ಕೆಂಪಾಗಿ ಬಾಯಿ ಒಣಗಿತ್ತು. ಬೆಳಗಿನಿಂದ ಒಂದೇ ಸಲ ಮೂತ್ರಕ್ಕೆ ಹೋಗಿದ್ದಳು. ಅವರು ಆಕೆಯ ಪಕ್ಕದಲ್ಲಿ ಕೂತು ಹೇಳಿದರು, "ಅವ್ವಾ, ಆ ಹೊತ್ತು ಬಂದಂಗ ಕಾಣ್ತದ."

"ಬಂದ್ರ ಬರಲಿ ತಗೋರಿ," ಎಂದಳು ಅಕ್ಕ. "ಹಾಕ್ರಿ. ಆದಷ್ಟು ಲಗೂ ಮುಗಸ್ರಿ."

ವೆಂಕೋಬರಾಯರು ಯಂತ್ರದ ಹೊದಿಕೆ ತೆಗೆದರು. ಆಮ್ಲ ತುಂಬಿದ ಗಾಜಿನ ಪಾತ್ರೆಗಳು, ತಂತಿ ಸುತ್ತಿದ ತೊಡೆಗಾತ್ರದ ಉರುಳೆ, ಮರದ ಕಾಲಿನ ಮೇಲೆ ಕೂತ ಗಾಜಿನ ಬುರುಡೆ. ನನ್ನ ಕೈಯಿಂದಲೇ ತಂತಿ ಕೂಡಿಸಿದರು. ಪರೀಕ್ಷೆಗೆಂದು ಒಮ್ಮೆ ಚಾಲೂ ಮಾಡಿದಾಗ ಉರುಳೆ ಚಟಚಟ ಸಿಡಿಯಿತು, ಬುರುಡೆಯೊಳಗೆ ಎಳೆಯ ಬೇವಿನ ಚಿಗುರಿನಂಥ ಹಸಿರು ಬೆಳಕು ಉಸಿರಾಡತೊಡಗಿತು, ಸಿಡಿಲು ಬಿದ್ದ ಮೇಲಿನಂಥ ವಾಸನೆ ಹರಡಿತು. ಇಷ್ಟು ವರ್ಷ ನಾನು ಬಯಸಿದ್ದು ಕಣ್ಣ ಮುಂದೆಯೇ ಇತ್ತು. ನನಗೆ ಅದರ ಕಡೆ ನೋಡಲಾಗಲಿಲ್ಲ. ಅವರ ಎಡಗೈ ಹಳೆಯ ರೂಢಿಯಂತೆ ತಾನಾಗಿಯೇ ಬುರುಡೆಯ ಮುಂದಕ್ಕೆ ಏಳುತ್ತಿದ್ದುದನ್ನೂ, ಅವರು ಅದನ್ನು ಬಲಗೈಯಿಂದ ಹಿಡಿದು ಕೆಳಗಿಳಿಸಿದ್ದನ್ನೂ ಕಂಡೆ.

ಅಷ್ಟರಲ್ಲಿ ಹುಸೇನಬಿ ಬಂದಳು. ಅಕ್ಕನ ಕೋಣೆಯೊಳಗೆ ಕಾಲಿಟ್ಟವಳು ಹೊಸ್ತಿಲಲ್ಲೇ ನಿಂತು ಕೇಳಿದಳು:

"ಕಿಟಕಿ ಯಾರು ಮುಚ್ಯಾರ? ಇಂಥಾ ಝಳದಾಗ ಕೌದಿ ಹೊಚ್ಚಿ ಬಾಗಲಾ ಹಾಕಿದ್ರ, ಬಸರಿ ಹೆಂಗಸಿನ ಮೈ ಸುಡದ ಏನ್ ಮಾಡತೈತಿ?"

ನಾನು ಯಂತ್ರದ ಪಕ್ಕದಿಂದ ಎದ್ದು ಹೋಗಿ, ಮುಚ್ಚಿದವನು ನಾನೇ ಎಂದು ಹೇಳಿದೆ. ಹೇಳದೆ ಇರಬಹುದಿತ್ತು, ಗಾಳಿಗೆ ಮುಚ್ಚಿಕೊಂಡಿತೆಂದರೂ ಯಾರೂ ಸಂಶಯಪಡುತ್ತಿರಲಿಲ್ಲ. ಆದರೆ ಆ ಹಸಿರು ಬೆಳಕು ಇನ್ನೂ ಕಣ್ಣಲ್ಲಿತ್ತು. ಏಕೆ ಮುಚ್ಚಿದೆ ಎಂದು ಡಾಕ್ಟರು ಕೇಳಿದಾಗ ಅದನ್ನೂ ಹೇಳಿದೆ. ಅವರು ನನ್ನನ್ನು ಬಯ್ಯಲಿಲ್ಲ. ಉರುಳೆಯ ತಂತಿ ಬಿಚ್ಚಿ, "ಅರ್ಧಾ ತಾಸು," ಎಂದರು. ಕಿಟಕಿ ತೆರೆದೆವು, ಕೌದಿ ತೆಗೆದೆವು. ಹುಸೇನಬಿ ತಣ್ಣೀರಲ್ಲಿ ಅದ್ದಿದ ಬಟ್ಟೆಯಿಂದ ಅಕ್ಕನ ಕೈಕಾಲು ಒರೆಸಿದಳು, ಮಾಮಾ ತಂಬಿಗೆಯ ಮೇಲೆ ತಂಬಿಗೆ ನೀರು ಕುಡಿಸಿದ. ಆ ಅರ್ಧ ತಾಸಿನಷ್ಟು ಉದ್ದದ ಹೊತ್ತನ್ನು ನಾನು ಮತ್ತೆ ಕಂಡಿಲ್ಲ. ಜ್ವರ ಅಲ್ಲದಿದ್ದರೆ ಆ ಕಾವು ನಾನೇ ಕಿಟಕಿ ಮುಚ್ಚಿ ಹಚ್ಚಿದ ಕಿಚ್ಚು. ಜ್ವರವೇ ಆಗಿದ್ದರೆ ಈ ಅರ್ಧ ತಾಸು ಅಕ್ಕನ ಜೀವದಿಂದ ಕಳೆದದ್ದು. ಎರಡರಲ್ಲಿ ಯಾವುದನ್ನು ಬೇಡಿಕೊಳ್ಳಬೇಕೆಂದು ಯೋಚಿಸುವ ಶಕ್ತಿಯೂ ಇರಲಿಲ್ಲ.

ಅರ್ಧ ತಾಸಿಗೆ ಜ್ವರ ತುಸು ಇಳಿದಿತ್ತು. ಮತ್ತರ್ಧ ತಾಸಿಗೆ ಇರಲಿಲ್ಲ. ಸಂಜೆಯ ಮುಂದೆ ಅಕ್ಕ ಎದ್ದು ಹಿತ್ತಲಿಗೆ ಎರಡು ಸಲ ಹೋಗಿ ಬಂದಳು. ವೆಂಕೋಬರಾಯರು ಯಂತ್ರಕ್ಕೆ ಬಟ್ಟೆ ಹೊದಿಸುವಾಗ ನನಗೆ ಮಾತ್ರ ಕೇಳುವಂತೆ ಅಂದರು: "ನಾನೂ ಹಿಂಗ ಇದ್ದೆ. ನೋಡಬೇಕನ್ನಾವನಿಗೆ ಕಾರಣ ಸಿಗತಾವು. ಹುಡುಕೂದ ಬ್ಯಾಡ, ತಾವ ಬಂದು ನಿಂದರತಾವು."

ನಾಲ್ಕನೆಯ ದಿನ ಬೆಳಿಗ್ಗೆ ಎದ್ದ ಅಕ್ಕ ಹಸಿವು ಎಂದಳು. ನೋವು ಇರಲಿಲ್ಲ. ಮಧ್ಯಾಹ್ನಕ್ಕೂ ಬರಲಿಲ್ಲ, ಮರುದಿನಕ್ಕೂ ಬರಲಿಲ್ಲ. ಮಲ್ಲಿನ ಬಟ್ಟೆಯ ಮೇಲೆ ಮರಳಿನ ಒಂದೆರಡು ಕಣದಂಥದು ಸಿಕ್ಕಿತ್ತು. ಅದನ್ನು ಅಂಗೈಯಲ್ಲಿ ಕಾಪಾಡಿಕೊಂಡು ಓಡಿದೆ. ಡಾಕ್ಟರು ಭೂತಗನ್ನಡಿ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದರು.

"ಕಲ್ಲಿನ ಚೂರ ಇರಬಹುದು," ಎಂದರು. "ಗಡಿಗ್ಯಾಗಿನ ಮಣ್ಣೂ ಇರಬಹುದು."

"ಹಂಗಾರ ಕಲ್ಲು ಇತ್ತೋ ಇಲ್ಲೋ?"

"ಇದ್ದಿರಬೇಕು. ಕಾಣಲಿಲ್ಲ."

ಇಳಕಲ್ಲಿಗೆ ಮರಳುವ ದಾರಿಯಲ್ಲಿ ಮಾಮಾ ಇದೇ ಪ್ರಶ್ನೆಯನ್ನು ನನ್ನನ್ನು ಕೇಳಿದ, ನಾನೂ ಅದೇ ಉತ್ತರ ಕೊಟ್ಟೆ. ಆತನಿಗೆ ಅಷ್ಟು ಸಾಕಾಯಿತು. ನನಗೆ ಸಾಕಾಗಲು ವರ್ಷಗಳು ಹಿಡಿದವು. ತಿಳಿಯುವುದೂ ವಾಸಿಯಾಗುವುದೂ ಒಂದೇ ಎಂದು ನಾನು ನಂಬಿದ್ದೆ. ಅವು ಅಕ್ಕಪಕ್ಕದ ಓಣಿಗಳು, ಒಮ್ಮೊಮ್ಮೆ ಕೂಡುತ್ತವೆ, ಒಮ್ಮೊಮ್ಮೆ ಕೂಡುವುದಿಲ್ಲ. ಆ ವಾರದ ಮೇಲೆ ದವಾಖಾನೆಯಲ್ಲಿ ಯಾರಾದರೂ ಹೊಟ್ಟೆ ಹಿಡಿದು ಬಂದರೆ ನಾನು ಮೊದಲು ಅವರು ಹೇಗೆ ನಿಲ್ಲುತ್ತಾರೆಂದು ನೋಡುತ್ತಿದ್ದೆ.

ಮಳೆಗಾಲದಲ್ಲಿ ಅಕ್ಕನಿಗೆ ಹೆಣ್ಣುಮಗು ಹುಟ್ಟಿತು. ಐದು ತಿಂಗಳಾದ ಮೇಲೆ ಆಕೆಯೇ ಹಟ ಹಿಡಿದು, ಕೂಸನ್ನು ಡಾಕ್ಟರಿಗೆ ತೋರಿಸಬೇಕೆಂದು ನನ್ನನ್ನು ಜೊತೆ ಮಾಡಿಕೊಂಡು ಬದಾಮಿಗೆ ಬಂದಳು. ವೆಂಕೋಬರಾಯರು ಪಡಸಾಲೆಯಲ್ಲೇ ಕೂತಿದ್ದರು. ಅವರ ಎಡ ಅಂಗಿತೋಳಿನ ತುದಿಯನ್ನು ಮಡಚಿ ಪಿನ್ನು ಹಾಕಿತ್ತು. ಹುಣ್ಣು ಮೇಲೇರಿದ್ದರಿಂದ ದೊಡ್ಡ ಊರಿನಲ್ಲಿ ಮಣಿಕಟ್ಟಿನ ಮೇಲಕ್ಕೆ ಕೈ ತೆಗೆದಿದ್ದರು.

ಕೂಸನ್ನು ಬಹಳ ಹೊತ್ತು ನೋಡಿದರು. ಅವರ ಕಣ್ಣು ತುಂಬುತ್ತವೆಂದು ನಾನು ಎಣಿಸಿದ್ದೆ, ತುಂಬಲಿಲ್ಲ. ಕೊನೆಗೆ, ಅಂದು ಸೂಕ್ಷ್ಮದರ್ಶಕದ ಮುಂದೆ ಮಾತಾಡಿದ ಅದೇ ದನಿಯಲ್ಲಿ ಹೇಳಿದರು:

"ಇದರಿಂದ ಏನೂ ಸಿದ್ಧ ಆಗೂದಿಲ್ಲವ್ವಾ. ಬೆಳಕು ಹಾಕಿದ್ರೂ ಕೂಸು ಹಿಂಗ ಹುಟ್ಟಿರಬಹುದಾಗಿತ್ತು. ನಾವು ಮಾಡಿದ್ದು ಸರಿ ಅಂತ ನಾ ಇವತ್ತೂ ಹೇಳಲಾರೆ."

"ಅದಿರಲಿ ಬಿಡ್ರಿ," ಎಂದಳು ಅಕ್ಕ. "ನೀವು ಒಂದಿಷ್ಟು ಎತ್ಕೋರಿ."

ಅವರು ಹಿಂದಕ್ಕೆ ಸರಿದರು. "ಒಂದ ಕೈ ಅದ ನನಗ. ಜಾರಿಗೀರಿದ್ರ?"

ಅಕ್ಕ ಅವರ ಮುಂದೆ ನೆಲದ ಮೇಲೆ ಕೂತು, ಕೂಸನ್ನು ಅವರ ತೊಡೆಯ ಮೇಲಿಟ್ಟಳು. ಬಲಕ್ಕೆ ಅವರ ಕೈ, ಎಡಕ್ಕೆ ತನ್ನದು.